ಮಡಿಯ ಅಂಚಿಗೆ ಏನು ಕಟ್ಟೋದು?

ಒಂದು ಜೋರು ಮಳೆ ಬಂದರೆ ಸಾಕು, ತರಕಾರಿ ಮಡಿಗೆ ಹಾಕಿದ ಗೊಬ್ಬರವೆಲ್ಲ ಮಣ್ಣಿನ ಜೊತೆ ಅಂಗಳಕ್ಕೆ ಇಳಿದುಬಿಡುತ್ತೆ. ಅದಕ್ಕೇ ಅಂಚು ಬೇಕು. ಆದರೆ ಚೆಂದ ಕಾಣೋದನ್ನು ಹುಡುಕುವ ಮೊದಲು ನಿಮ್ಮ ಜಾಗದಲ್ಲಿ ನೀರು ಏನು ಮಾಡುತ್ತೆ ನೋಡಿ. ಮಲೆನಾಡು, ಕರಾವಳಿಯಲ್ಲಿ ಅಂಚು ಮಣ್ಣನ್ನು ಹಿಡಿದು ನೀರನ್ನು ಬಿಡಬೇಕು. ಬಯಲುಸೀಮೆಯಲ್ಲಿ ಕೊಟ್ಟ ನೀರು ಪಾತಿಯಲ್ಲೇ ಇಂಗಬೇಕು.

ಹಾಗಾಗಿ ಮಳೆ ಹೆಚ್ಚಿರುವ ಕಡೆ ಸಿಮೆಂಟ್ ಗಾರೆಯ ಕಟ್ಟೆ ಬೇಡ. ನೀರು ನಿಂತರೆ ಶುಂಠಿ, ಅರಿಶಿನದ ಗೆಡ್ಡೆ ಕೊಳೆಯುತ್ತೆ. ಕೆಂಪುಕಲ್ಲನ್ನೋ ಕಾಡುಗಲ್ಲನ್ನೋ ಗಾರೆ ಇಲ್ಲದೆ ಜೋಡಿಸಿದರೆ ಸಂದಿಯಿಂದ ನೀರು ಬಸಿದು ಹೋಗುತ್ತೆ. ಅಡಿಕೆ ದಬ್ಬೆಗೆ ಖರ್ಚಿಲ್ಲ ನಿಜ, ಆದರೆ ಮಣ್ಣಿಗೆ ತಾಗಿದ ಕಡೆ ಗೆದ್ದಲು ಹತ್ತುತ್ತೆ. ಆಗಾಗ ಬದಲಿಸುವ ತಾಳ್ಮೆ ಇರೋರಿಗೆ ಅಡ್ಡಿಯಿಲ್ಲ. ನನ್ನನ್ನು ಕೇಳಿದರೆ ಹಳೇ ಮಂಗಳೂರು ಹೆಂಚೇ ಮೇಲು. ಮನೆ ರಿಪೇರಿ ಆದಮೇಲೆ ಮೂಲೆಯಲ್ಲಿ ರಾಶಿ ಬಿದ್ದಿರುತ್ತಲ್ಲ, ಅದನ್ನೇ ಅರ್ಧ ಹೂತು ಸಾಲಾಗಿ ನಿಲ್ಲಿಸಿ.

ಬಯಲುಸೀಮೆಗೆ ಇಟ್ಟಿಗೆ ಸಲೀಸು. ಎರಡು ಇಟ್ಟಿಗೆ ತಾಗಿಸಿದರೆ ಠಣ್ ಅನ್ನಬೇಕು. ಅರೆಬೆಂದದ್ದು ಒದ್ದೆಯಲ್ಲಿ ಪುಡಿಯಾಗುತ್ತೆ. ಕಲಬುರಗಿ ಕಡೆಯವರಿಗೆ ಶಹಾಬಾದ್ ಫರಸಿಯ ತುಂಡು ಸಿಕ್ಕರೆ ಬೇರೆ ಯೋಚನೆ ಬೇಡ.

ಯಾವುದೇ ಇರಲಿ, ನೆಲದ ಮೇಲೆ ಸುಮ್ಮನೆ ಇಡಬೇಡಿ. 4ರಿಂದ 6 ಇಂಚು ಒಳಗೆ ಹೂಳಿ. ಇಲ್ಲದಿದ್ದರೆ ಗರಿಕೆ ಅಡಿಯಿಂದಲೇ ನುಗ್ಗುತ್ತೆ. ಹೂತರೂ ಗರಿಕೆ ಪೂರ್ತಿ ನಿಲ್ಲಲ್ಲ, ಆದರೆ ಕೀಳೋ ಕೆಲಸ ಎಷ್ಟೋ ಕಮ್ಮಿಯಾಗುತ್ತೆ.

ಇಳಿಜಾರು ಜಾಗವಾದರೆ ಕಲ್ಲಿಗಿಂತ ಗಿಡದ ಅಂಚು ಒಳ್ಳೇದು. ಇಳಿಜಾರಿಗೆ ಅಡ್ಡಲಾಗಿ 15 ಸೆಂ.ಮೀ. ಅಂತರದಲ್ಲಿ ಲಾವಂಚ ನೆಡಿ. ಅದರ ಬೇರು ಅಗಲಕ್ಕೆ ಹರಡದೆ ಆಳಕ್ಕೆ ಇಳಿಯುವುದರಿಂದ ಪಕ್ಕದ ಬದನೆಗೆ ತೊಂದರೆ ಕಡಿಮೆ. ಎತ್ತರ ಬೆಳೆದು ನೆರಳು ಮಾಡಿದರೆ ಮೊಣಕಾಲೆತ್ತರಕ್ಕೆ ಕೊಯ್ದು, ಕೊಯ್ದದ್ದನ್ನು ಮಡಿಗೇ ಮುಚ್ಚಿಗೆ ಹಾಕಿ. ಚಹಾಕ್ಕೂ ಆಗಲಿ ಅನ್ನೋರು ಮಜ್ಜಿಗೆ ಹುಲ್ಲು ಹಾಕಬಹುದು. ಸಣ್ಣ ಮಡಿಗೆ ದೊಡ್ಡಪತ್ರೆ ಸಾಕು, ಕಡ್ಡಿ ಚುಚ್ಚಿದರೆ ಬರುತ್ತೆ.

ಒಂದು ಮಾತ್ರ ಖಂಡಿತ ಬೇಡ: ಚಾವಣಿಯಿಂದ ತೆಗೆದ ಹಳೇ ಸಿಮೆಂಟ್ ಶೀಟು. ಪುಕ್ಕಟೆ ಸಿಗುತ್ತೆ ಅಂತ ಒಡೆದು ಹೂಳೋರು ಬಹಳ ಜನ. ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಒಡೆದಾಗ ಏಳುವ ದೂಳು ಉಸಿರಿನಲ್ಲಿ ಒಳಗೆ ಹೋದರೆ ಮುಂದೆ ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯವಿದೆ. ಈಗಾಗಲೇ ಹೂತಿದ್ದರೆ ಗುದ್ದಲಿ ತಾಗಿಸಿ ಚೂರು ಮಾಡಬೇಡಿ. ತೆಗೆಯಲೇಬೇಕಾದರೆ ಚೆನ್ನಾಗಿ ನೀರು ಹಾಕಿ ನೆನೆಸಿ, ಇಡಿಯಾಗಿ ಎತ್ತಿ. ಮಕ್ಕಳು ಹತ್ತಿರ ಇರೋದು ಬೇಡ.