ಸೇನೆಯ ವಿಲೇವಾರಿ ಲಾರಿಗಳು: ಖರೀದಿ, ನೋಂದಣಿ ಮತ್ತು ದುರಸ್ತಿ – ರಾಮಾಪುರ ಹೋಬಳಿಯ ಸಾರ್ವಜನಿಕರಿಗೆ ಮಾಹಿತಿ

ಭೂಸೇನೆಯು ಬಳಸಿ ವಿಲೇವಾರಿ ಮಾಡುವ ಲಾರಿಗಳು ಎತ್ತರವಾದ ಚಾಸಿಯನ್ನೂ ನಾಲ್ಕು ಚಕ್ರಗಳ ಚಾಲನೆಯನ್ನೂ ಹೊಂದಿರುತ್ತವೆ. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯ ಮೇರೆಗೆ ಜಬಲ್ಪುರದಲ್ಲಿ ತಯಾರಾದ ಶಕ್ತಿಮಾನ್, ನಿಸ್ಸಾನ್ ಒಂದು ಟನ್, ಅಶೋಕ್ ಲೇಲ್ಯಾಂಡ್ ಸ್ಟಾಲಿಯನ್ ಇವುಗಳಲ್ಲಿ ಪ್ರಮುಖವಾದವು. ಹನೂರು ತಾಲ್ಲೂಕಿನ ರಾಮಾಪುರದಂತಹ ಗುಡ್ಡಗಾಡು ಪ್ರದೇಶದಲ್ಲಿ ಇಂತಹ ವಾಹನವನ್ನು ಕೊಳ್ಳಲು ಬಯಸುವವರು ಮೊದಲು ದಾಖಲೆಯನ್ನೂ ಅನಂತರ ಎಂಜಿನ್ನನ್ನೂ ಪರಿಶೀಲಿಸತಕ್ಕದ್ದು. ಕೆಟ್ಟ ಎಂಜಿನ್ನನ್ನು ಸರಿಪಡಿಸಬಹುದು. ಮೂಲ ಮಾರಾಟ ಪ್ರಮಾಣಪತ್ರವಿಲ್ಲದ ಲಾರಿಗೆ ಎಷ್ಟು ಹಣ ಸುರಿದರೂ ಅದನ್ನು ರಸ್ತೆಗೆ ತರಲಾಗದು.

ಹೊಸ ನೋಂದಣಿ ಏಕೆ ಬೇಕು?

ಸೇನೆಯ ವಾಹನಗಳು ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 60ರಂತೆ ಪ್ರತ್ಯೇಕವಾಗಿ ನೋಂದಣಿಯಾಗಿರುತ್ತವೆ. ವಾಹನವು ಕೇಂದ್ರ ಸರ್ಕಾರದ ಸ್ವತ್ತಾಗಿ ಉಳಿಯದಿದ್ದಾಗ ಪ್ರಕರಣ 39 ಮತ್ತು 40 ಅನ್ವಯವಾಗುತ್ತವೆ. ಆದ್ದರಿಂದ ಖರೀದಿದಾರರು ತಮ್ಮ ವಾಸಸ್ಥಳದ ನೋಂದಣಿ ಪ್ರಾಧಿಕಾರದಲ್ಲಿ ಹೊಸದಾಗಿ ನೋಂದಣಿ ಮಾಡಿಸಬೇಕು. ರಾಮಾಪುರದ ನಿವಾಸಿಗಳಿಗೆ ಈ ಪ್ರಾಧಿಕಾರವು ಚಾಮರಾಜನಗರದ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯಾಗಿದ್ದು, ಇದರ ನೋಂದಣಿ ಸಂಕೇತ ಕೆಎ-10. ನೋಂದಣಿಯಾಗದ ಲಾರಿಯನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. ಅದನ್ನು ತರಲು ತಾತ್ಕಾಲಿಕ ನೋಂದಣಿ ಪಡೆಯಬೇಕು, ಇಲ್ಲವೇ ಬೇರೆ ವಾಹನದ ಮೇಲೆ ಸಾಗಿಸಬೇಕು.

ಖರೀದಿಗೆ ಮುನ್ನ

1. ಸೇನೆಯ ವಾಹನಗಳನ್ನು ಎಂಎಸ್‌ಟಿಸಿ ಸಂಸ್ಥೆಯ ವಿದ್ಯುನ್ಮಾನ ಹರಾಜಿನ ಮೂಲಕ ವಿಲೇವಾರಿ ಮಾಡಲಾಗುತ್ತದೆ. ವಾಹನವನ್ನು ಮರುಬಳಕೆಗೆ ಮಾರಲಾಗುತ್ತಿದೆಯೇ ಅಥವಾ ಗುಜರಿಗೆ ಮಾತ್ರವೇ ಎಂಬುದನ್ನು ಹರಾಜಿನ ಷರತ್ತುಗಳಲ್ಲಿ ಓದಿಕೊಳ್ಳಬೇಕು. ಗುಜರಿಯೆಂದು ಮಾರಿದ ವಾಹನವನ್ನು ಜೋಡಿಸಿ ನೋಂದಣಿಗೆ ತರುವುದು ವ್ಯರ್ಥ.

2. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯು ಮುಂದುವರಿಯದಂತೆ 1 ಏಪ್ರಿಲ್ 2023ರಿಂದ ನಿಯಮ ಜಾರಿಯಲ್ಲಿದೆ. ರಕ್ಷಣಾ ಕಾರ್ಯಾಚರಣೆಯ ವಿಶೇಷ ವಾಹನಗಳಿಗೆ ಇದರಿಂದ ವಿನಾಯಿತಿಯಿದೆ. ಹಳೆಯ ಲಾರಿಯಾದಲ್ಲಿ, ಹಣ ಪಾವತಿಸುವ ಮುನ್ನವೇ ನೋಂದಣಿ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

3. ಸೇನಾ ಕಾರ್ಯಾಗಾರಗಳಲ್ಲಿ ಪೂರ್ಣ ದುರಸ್ತಿಯ ವೇಳೆ ಎಂಜಿನ್ ಬದಲಾಗಿರುವುದುಂಟು. ಚಾಸಿ ಹಾಗೂ ಎಂಜಿನ್ ಸಂಖ್ಯೆಗಳನ್ನು ಪ್ರಮಾಣಪತ್ರದೊಂದಿಗೆ ಅಕ್ಷರಶಃ ಹೋಲಿಸಿ ನೋಡಬೇಕು.

4. ಮಧ್ಯವರ್ತಿಯಿಂದ ಕೊಳ್ಳುವವರು ಪ್ರಮಾಣಪತ್ರದ ಛಾಯಾಪ್ರತಿಯನ್ನು ನಂಬಿ ಮುಂಗಡ ಕೊಡಬಾರದು.

ಸಲ್ಲಿಸಬೇಕಾದ ದಾಖಲೆಗಳು

• ನಮೂನೆ 20ರಲ್ಲಿ ಅರ್ಜಿ
• ಸಂಬಂಧಿಸಿದ ಸೇನಾ ಪ್ರಾಧಿಕಾರವು ನಮೂನೆ 21ರಲ್ಲಿ ನೀಡಿದ ಮೂಲ ಮಾರಾಟ ಪ್ರಮಾಣಪತ್ರ (ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 47)
• ಚಾಲ್ತಿಯಲ್ಲಿರುವ ವಿಮಾ ಪ್ರಮಾಣಪತ್ರ
• ವಿಳಾಸದ ಪುರಾವೆ
• ತಾತ್ಕಾಲಿಕ ನೋಂದಣಿ ಪಡೆದಿದ್ದಲ್ಲಿ ಅದರ ಪತ್ರ
• ನಿಗದಿತ ಶುಲ್ಕ ಮತ್ತು ತೆರಿಗೆ

ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ತಪಾಸಣೆಗೆ ಹಾಜರುಪಡಿಸಬೇಕು. ಸರಕು ಸಾಗಣೆಗೆ ಬಳಸುವ ಲಾರಿಗೆ ಅರ್ಹತಾ ಪತ್ರ ಮತ್ತು ರಹದಾರಿ ಅಗತ್ಯ. 8 ವರ್ಷ ಮೀರಿದ ಸಾರಿಗೆ ವಾಹನದ ಅರ್ಹತಾ ಪತ್ರವನ್ನು ಪ್ರತಿ ವರ್ಷ ನವೀಕರಿಸಬೇಕು.

ಬಣ್ಣ ಮತ್ತು ಮಾರ್ಪಾಡು

ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯ ವಾಹನಗಳ ಹೊರತು ಬೇರಾವ ವಾಹನಕ್ಕೂ ಸೇನೆಯ ಹಸಿರು ಬಣ್ಣವಿರುವಂತಿಲ್ಲ. ಆದ್ದರಿಂದ ತಪಾಸಣೆಗೆ ಮುನ್ನ ಬೇರೆ ಬಣ್ಣ ಬಳಿಸಿ, ಬಾಣದ ಗುರುತುಳ್ಳ ಸೇನಾ ಸಂಖ್ಯೆಯನ್ನು ಅಳಿಸಬೇಕು. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸುವಂತಹ ಮಾರ್ಪಾಡುಗಳಿಗೆ ಪ್ರಕರಣ 52ರಂತೆ ಅನುಮೋದನೆ ಬೇಕು.

ಸಾಮಾನ್ಯ ದೋಷಗಳು ಮತ್ತು ಪರಿಹಾರ

ಇಂತಹ ಲಾರಿಗಳು ವಿಲೇವಾರಿಗೆ ಮುನ್ನ ಬಹುಕಾಲ ನಿಂತಲ್ಲೇ ನಿಂತಿರುವುದರಿಂದ ಹೆಚ್ಚಿನ ದೋಷಗಳು ಓಡಾಟದಿಂದಲ್ಲ, ನಿಲುಗಡೆಯಿಂದ ಬಂದಿರುತ್ತವೆ.

ಸ್ಟಾರ್ಟ್ ಆಗಿ ಕೂಡಲೇ ನಿಲ್ಲುವುದು: ಟ್ಯಾಂಕಿನ ತುಕ್ಕು ಮತ್ತು ಕೆಸರು ಫಿಲ್ಟರಿಗೆ ಕಟ್ಟಿಕೊಂಡಿರಬಹುದು, ಅಥವಾ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿರಬಹುದು. ಟ್ಯಾಂಕ್ ತೊಳೆಸಿ, ಫಿಲ್ಟರ್ ಬದಲಿಸಿ, ಏರ್ ತೆಗೆಯಬೇಕು. ಇದನ್ನು ಮಾಡದೆ ಪಂಪ್ ಬಿಚ್ಚಿಸುವುದು ಅನಗತ್ಯ ಖರ್ಚು.

ದೀಪಗಳು ಸುಟ್ಟುಹೋಗುವುದು: ಹಲವು ಸೇನಾ ಲಾರಿಗಳಲ್ಲಿ 12 ವೋಲ್ಟಿನ 2 ಬ್ಯಾಟರಿಗಳನ್ನು ಸರಣಿಯಾಗಿ ಜೋಡಿಸಿದ 24 ವೋಲ್ಟಿನ ವ್ಯವಸ್ಥೆಯಿರುತ್ತದೆ. 12 ವೋಲ್ಟಿನ ಬಲ್ಬ್ ಹಾಕಬಾರದು.

ಬ್ರೇಕ್ ಹಿಡಿಯದಿರುವುದು: ರಬ್ಬರ್ ಸೀಲು ಹಾಗೂ ಹೋಸ್‌ಗಳು ಒಣಗಿ ಬಿರಿದಿರುತ್ತವೆ. ಹೊರಗೆ ಸೋರಿಕೆ ಕಾಣದಿದ್ದರೂ ಎಲ್ಲ ಚಕ್ರಗಳ ಸೀಲುಗಳನ್ನು ಒಮ್ಮೆಗೇ ಬದಲಿಸಬೇಕು. ಪಟ್ಟಿ ಸವೆಯದಿದ್ದರೂ ಪಕ್ಕ ಬಿರಿದ ಟೈರನ್ನು ಬಳಸಬಾರದು.

ಆಕ್ಸಲ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುವುದು: ನೀರು ಸೇರಿದೆಯೆಂದು ಅರ್ಥ. ಆಯಿಲನ್ನೂ ಸೀಲನ್ನೂ ಬದಲಿಸಬೇಕು.

ತಿರುವಿನಲ್ಲಿ ಸ್ಟೇರಿಂಗ್ ಬಿಗಿಯಾಗುವುದು: ಮುಂದಿನ ಆಕ್ಸಲ್‌ನ ಚಾಲನೆಯನ್ನು ಲಿವರಿನಿಂದ ಹಾಕುವ ಲಾರಿಗಳಲ್ಲಿ, ಒಣ ಡಾಂಬರು ರಸ್ತೆಯ ಮೇಲೆ ಅದನ್ನು ಹಾಕಿರುವುದೇ ಕಾರಣವಾಗಿರಬಹುದು. ಇದರಿಂದ ಗೇರುಗಳು ಮುರಿಯುವ ಸಂಭವವಿದೆ. ಕೆಸರು ಮತ್ತು ಮರಳಿನಲ್ಲಿ ಮಾತ್ರ ಅದನ್ನು ಬಳಸತಕ್ಕದ್ದು.

ವಿಶೇಷ ಸೂಚನೆ

ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟದವರೆಗಿನ ಘಾಟಿ ರಸ್ತೆಯಲ್ಲಿ ಇಳಿಯುವಾಗ ನ್ಯೂಟ್ರಲ್ ಮಾಡದೆ, ಹತ್ತಲು ಬೇಕಾಗುವ ಕೆಳ ಗೇರಿನಲ್ಲಿಯೇ ಇಳಿಯಬೇಕು. ಬ್ರೇಕನ್ನು ಸಮತಟ್ಟಾದ ರಸ್ತೆಯಲ್ಲಿ ಪರೀಕ್ಷಿಸದೆ ದುರಸ್ತಿಯಾದ ಲಾರಿಯನ್ನು ಘಾಟಿಗೆ ಒಯ್ಯಬಾರದು. ರಹದಾರಿ ಪತ್ರವಿಲ್ಲದೆ ಅರಣ್ಯ ಉತ್ಪನ್ನ ಸಾಗಿಸಿದಲ್ಲಿ ಕರ್ನಾಟಕ ಅರಣ್ಯ ಅಧಿನಿಯಮ, 1963ರಂತೆ ವಾಹನವೇ ಮುಟ್ಟುಗೋಲಿಗೆ ಒಳಪಡುತ್ತದೆ.

ಸಾರ್ವಜನಿಕರು ನಮೂನೆ 21ರ ಮೂಲ ಪ್ರತಿ ಕೈಸೇರಿದ ಬಳಿಕವೇ ದುರಸ್ತಿಗೆ ಹಣ ತೊಡಗಿಸಬೇಕೆಂದು ಕೋರಲಾಗಿದೆ.