ಕುಂಡದ ಗಿಡಕ್ಕೆ ಕಾಣಬೇಕಾದ ಆಕಾಶ

ಹಗಲಲ್ಲಿ ದೀಪ ಹಾಕದೆ ಪತ್ರಿಕೆ ಓದಲಾದರೆ ಆ ಕೋಣೆಯಲ್ಲಿ ಬೇಕಾದಷ್ಟು ಬೆಳಕಿದೆ ಎಂದುಕೊಳ್ಳುತ್ತೇವೆ. ಅಲ್ಲಿಟ್ಟ ಗಿಡದ ಮಟ್ಟಿಗೆ ಈ ಲೆಕ್ಕ ತಪ್ಪು. ನಡುಮಧ್ಯಾಹ್ನದ ಬಿಸಿಲಿನ ಪ್ರಖರತೆ ಸುಮಾರು 1 ಲಕ್ಷ ಲಕ್ಸ್. ಪಡಸಾಲೆಯ ನಡುವೆ ಉಳಿಯುವುದು ಸಾಮಾನ್ಯವಾಗಿ ಕೆಲವು ನೂರು. ಇಷ್ಟು ದೊಡ್ಡ ಅಂತರ ನಮಗೆ ತಿಳಿಯುವುದಿಲ್ಲ, ಏಕೆಂದರೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಅಕ್ಷಿಪಟಲ ಮಂದ ಬೆಳಕಿಗೆ ಹೊಂದಿಕೊಳ್ಳುತ್ತದೆ. ಎಲೆ ಹಾಗಲ್ಲ. ಮಂದ ಬೆಳಕಿನಲ್ಲಿ ಅದು ತಯಾರಿಸುವ ಸಕ್ಕರೆ, ಬಿದ್ದ ಬೆಳಕಿಗೆ ತಕ್ಕಷ್ಟೇ. ಆ ಗಳಿಕೆಯೆಲ್ಲ ಉಸಿರಾಟಕ್ಕೇ ಖರ್ಚಾದರೆ ಬೆಳವಣಿಗೆಗೆ ಏನೂ ಮಿಗದು.

ನೇರ ಬಿಸಿಲು ಬೀಳದ ಕಡೆ ಗಿಡದ ಪಾಲನ್ನು ನಿರ್ಧರಿಸುವುದು ಮುಖ್ಯವಾಗಿ ಅದಕ್ಕೆ ಕಾಣುವ ಆಕಾಶ. ಎಲೆ ಇರುವ ಜಾಗದಲ್ಲಿ ನಿಮ್ಮ ಮುಖವಿಟ್ಟು ಕಿಟಕಿಯತ್ತ ನೋಡಿ. ಸಜ್ಜದ ಅಡಿಭಾಗವೂ ಎದುರು ಮನೆಯ ಗೋಡೆಯೂ ಮಾತ್ರ ಕಂಡರೆ, ಕಿಟಕಿ ಎಷ್ಟೇ ದೊಡ್ಡದಿದ್ದರೂ ಗಿಡ ಹಸಿದಿದೆ. ಕಿಟಕಿಯಿಂದ ದೂರ ಸರಿದಂತೆ ಈ ಆಕಾಶದ ತುಂಡು ಬೇಗ ಕುಗ್ಗುತ್ತದೆ: ಒಂದಿಷ್ಟು ದೂರದ ನಂತರ ಅಂತರ ಇಮ್ಮಡಿಯಾದರೆ ಬೆಳಕು ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಕುಂಡವನ್ನು ಎರಡಡಿ ಮುಂದೆ ತರುವುದಕ್ಕೆ ಸಮನಾದ ಉಪಾಯ ಇನ್ನೊಂದಿಲ್ಲ. ಸೊಳ್ಳೆಪರದೆಯ ಧೂಳು, ಎಲೆ ಮೇಲಿನ ಧೂಳು ಒರೆಸುವುದು ಆಮೇಲಿನ ಕೆಲಸ. ಕನ್ನಡಿ ಇಟ್ಟರಾಗದೆ ಎಂದು ಕೇಳುವವರಿದ್ದಾರೆ. ಕನ್ನಡಿ ಬೆಳಕನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ, ಸೂರ್ಯ ಸರಿದಂತೆ ಆ ಪಟ್ಟಿಯೂ ಸರಿಯುತ್ತದೆ. ಹೊಳಪಿಲ್ಲದ ಬಿಳಿ ಸುಣ್ಣದ ಗೋಡೆ ಬೆಳಕನ್ನು ಎಲ್ಲೆಡೆ ಚೆದುರಿಸುವುದರಿಂದ ಗಿಡದ ಹಿಂಬದಿಗೂ ಪಾಲು ಸಿಗುತ್ತದೆ.

ದಕ್ಷಿಣದ ಕಿಟಕಿಯೇ ಶ್ರೇಷ್ಠ ಎಂಬ ಮಾತು ಇಂಗ್ಲಿಷ್ ತೋಟಗಾರಿಕೆ ಪುಸ್ತಕಗಳಿಂದ ಬಂದದ್ದು. ಲಂಡನ್ನಿನಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿಯಷ್ಟೇ ಮೇಲೇರುತ್ತಾನೆ; ಅಲ್ಲಿ ಆ ಮಾತು ಸರಿ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಅದೇ ತಿಂಗಳ ಮಧ್ಯಾಹ್ನ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗಂತೂ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ, ದಕ್ಷಿಣದ ಕಿಟಕಿಗೆ ಬಿಸಿಲೇ ತಾಗದು. ನಮ್ಮಲ್ಲಿ ವರ್ಷವಿಡೀ ಓರೆಯಾಗಿ ಒಳಬರುವುದು ಮೂಡಣದ ಎಳೆಬಿಸಿಲು. ಪಡುವಣದಲ್ಲೂ ಬಿಸಿಲು ಓರೆಯೇ, ಆದರೆ ಜೊತೆಗೆ ದಿನದ ಕಾವೂ ಬರುತ್ತದೆ.

ಮನಿಪ್ಲಾಂಟ್ ಕತ್ತಲ ಮೂಲೆಯಲ್ಲೂ ವರ್ಷಗಟ್ಟಲೆ ಬದುಕುತ್ತದಲ್ಲ ಎಂಬ ಆಕ್ಷೇಪ ನಿಜ. ಬದುಕುವುದಕ್ಕೂ ಬೆಳೆಯುವುದಕ್ಕೂ ವ್ಯತ್ಯಾಸವಿದೆ. ಗೆಣ್ಣುಗಳ ನಡುವಿನ ಅಂತರ ಉದ್ದವಾಗಿ, ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದಾಗಿ, ಹಳದಿ ಪಟ್ಟೆ ಮಾಸುತ್ತಿದ್ದರೆ ಅದು ಬೆಳಕಿನ ಬರ. ಇಂಥ ಗಿಡ ನೀರನ್ನೂ ನಿಧಾನವಾಗಿ ಹೀರುತ್ತದೆ. ವಾಡಿಕೆಯಂತೆ ದಿನವೂ ನೀರುಣಿಸಿದರೆ ಬೇರು ಕೊಳೆಯುತ್ತದೆ, ನಾವು ರೋಗವೆಂದು ಬಗೆದು ಗೊಬ್ಬರ ಸುರಿಯುತ್ತೇವೆ. ಗಿಡ ಸೊರಗಿದರೆ ಗೊಬ್ಬರದ ಪೊಟ್ಟಣ ಬಿಚ್ಚುವ ಮೊದಲು ಕುಂಡವನ್ನು ಬೆಳಕಿಗೆ ಸರಿಸಿ. ನೆರಳಿನಲ್ಲಿ ಮೂಡಿದ ಎಲೆ ತಟ್ಟನೆ ಬಿಸಿಲಿಗೆ ಬಿದ್ದರೆ ಸುಡುತ್ತದೆ, ಹಾಗಾಗಿ ಒಂದೆರಡು ವಾರ ತೆಗೆದುಕೊಂಡು ಸ್ವಲ್ಪಸ್ವಲ್ಪವೇ ಸರಿಸಿ.