ಬೀರು ಕೊಡುವ ಗೋವೆ, ನೀರು ಕೊಡದ ಗೋವೆ

ಹೆಸರಿನ ರಾಶಿ ಮುಗಿದು, ದಲಾಲಿ ಅಂಗಡಿಯ ಲೆಕ್ಕ ಚುಕ್ತಾ ಆಗಿ, ಕೈಯಲ್ಲಿ ನಾಲ್ಕು ರೊಕ್ಕ ಆಡುತ್ತಿರುವಾಗ, ಕಡಲೆಯ ಬಿತ್ತಿಗೆಗೆ ಇನ್ನೂ ಹತ್ತು ಹದಿನೈದು ದಿನಗಳ ಬಿಡುವಿರುವ ಹಿಂಗಾರಿಯ ಆರಂಭಕಾಲದಲ್ಲಿ, ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ತರುಣರ ಬಾಯಲ್ಲಿ ಪದೇ ಪದೇ ಕೇಳಿಬರುವ ಊರಿನ ಹೆಸರು ಗೋವೆ. ಹಿಂದಿನ ತಲೆಮಾರಿನವರು ಇಂಥ ಬಿಡುವಿನಲ್ಲಿ ಸವದತ್ತಿಯ ಗುಡ್ಡಕ್ಕೋ ಯಮನೂರಿನ ದರ್ಗಾಕ್ಕೋ ಹೋಗಿಬರುತ್ತಿದ್ದರು. ಈಗಿನವರು ಬಾಡಿಗೆಯ ಕ್ರೂಸರ್ ಗಾಡಿಯೊಂದನ್ನು ಗೊತ್ತುಮಾಡಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳ ಗಂಟನ್ನು ಸೀಟಿನ ಕೆಳಗೆ ತುರುಕಿ, ರಾತ್ರಿಯ ಊಟದ ಮೇಲೆ ಹೊರಟು, ಧಾರವಾಡ, ಅಳ್ನಾವರ, ರಾಮನಗರಗಳನ್ನು ಹಾದು, ಅನಮೋಡ ಘಟ್ಟವನ್ನಿಳಿದು, ಬೆಳಗಾಗುವಷ್ಟರಲ್ಲಿ ಕಡಲನ್ನು ಕಾಣುವರು. ಕಲಘಟಗಿಯವರಿಗೆ ಮಾತ್ರ ಬೇರೊಂದು ದಾರಿಯುಂಟು. ಯಲ್ಲಾಪುರದ ಮೇಲೆ ಅರಬೈಲು ಘಟ್ಟವನ್ನಿಳಿದರೆ ಅಂಕೋಲೆ, ಅಲ್ಲಿಂದ ಅನತಿದೂರದಲ್ಲಿ ಗೋಕರ್ಣ.

ಹೀಗೆ ಹೋಗಿಬಂದ ಹುಡುಗನೊಬ್ಬ ನವಲಗುಂದದ ಚಹಾದಂಗಡಿಯಲ್ಲಿ ಕುಳಿತು, "ಕಾಕಾ, ಅಲ್ಲಿ ಬೀರು ಎಷ್ಟ್ ಅಗ್ಗ ಐತಿ ಅಂತೀರಿ!" ಎಂದು ವರ್ಣನೆಗೆ ತೊಡಗಿದಾಗ, ಮಹದಾಯಿಯ ನೀರಿಗಾಗಿ ನಡೆದ ಕಳಸಾ-ಬಂಡೂರಿ ಹೋರಾಟದಲ್ಲಿ ಹಸಿರು ಶಾಲು ಹೊದ್ದು ತಿಂಗಳುಗಟ್ಟಲೆ ಧರಣಿ ಕುಳಿತಿದ್ದ ಹಿರಿಯರು ತಲೆ ಎತ್ತದೆಯೇ, "ಹೌದೋ ತಮ್ಮಾ, ಅವ ಬೀರು ಕೊಡತಾನು, ನೀರು ಕೊಡಾಂಗಿಲ್ಲ" ಎಂದುಬಿಟ್ಟರು. ಹುಡುಗ ನಕ್ಕ, ಹಿರಿಯರು ನಗಲಿಲ್ಲ. ವಿಹಾರಕ್ಕೆ ಪರದೇಶದಂತೆ ಬೇಕಾದ ಗೋವೆ, ನೀರಿನ ಪ್ರಶ್ನೆ ಬಂದೊಡನೆ ವೈರಿಯಾಗುವುದೂ, ಭಾಷಣಕ್ಕೆ ನಿಂತಾಗ ಭಾರತದ ಅವಿಭಾಜ್ಯ ಅಂಗವಾಗುವುದೂ ಒಂದೇ ತಾಲೂಕಿನ, ಒಂದೇ ಮನೆಯ ಜನರ ಮನಸ್ಸಿನಲ್ಲಿ ನಡೆಯುತ್ತಿರುವುದು ವಿಚಾರಕ್ಕೆ ಯೋಗ್ಯವಾದ ವಿಷಯವೆಂದು ನನಗೆ ತೋರುತ್ತದೆ.

ಮೊದಲು ಬೀರಿನ ಮಾತು. ಮದ್ಯಕ್ಕೂ ದೇಶಾಭಿಮಾನಕ್ಕೂ ನಮ್ಮಲ್ಲಿ ಹಳೆಯ ವಿರೋಧವಿದೆ. ಸ್ವಾತಂತ್ರ್ಯದ ಹೋರಾಟದಲ್ಲಿ ಸೇಂದಿ, ಸಾರಾಯಿ ಅಂಗಡಿಗಳ ಮುಂದೆ ಪಿಕೆಟಿಂಗ್ ಮಾಡುವುದು ಖಾದಿ ತೊಡುವಷ್ಟೇ ಪವಿತ್ರವಾದ ಕಾರ್ಯವಾಗಿತ್ತು; 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಜನರು ಈಚಲು ಮರಗಳನ್ನೇ ಕಡಿದು ಸತ್ಯಾಗ್ರಹ ಮಾಡಿದರು. ಧಾರವಾಡ ಜಿಲ್ಲೆ ಅಂದು ಮುಂಬಯಿ ಪ್ರಾಂತದಲ್ಲಿದ್ದ ಕಾರಣ, 1949ರ ಮುಂಬಯಿ ಪಾನನಿರೋಧ ಕಾಯಿದೆ ನಮ್ಮ ಹಳ್ಳಿಗಳಿಗೂ ಅನ್ವಯಿಸಿತು. ಘಟ್ಟದ ಈಚೆಗೆ ಕುಡಿತ ಅಪರಾಧ. ಕ್ಯಾಸಲ್ ರಾಕ್ ಠಾಣೆಯ ಆಚೆಗೆ ಪೋರ್ಚುಗೀಜರ ರಾಜ್ಯದಲ್ಲಿ ಅದು ನಿತ್ಯದ ವ್ಯವಹಾರ. ಗೋವೆಯೆಂದರೆ ಕುಡಿತ ಎಂಬ ನಮ್ಮವರ ಸಮೀಕರಣ ನಿನ್ನೆ ಮೊನ್ನೆಯ ಪ್ರವಾಸೋದ್ಯಮದಿಂದ ಹುಟ್ಟಿದ್ದಲ್ಲ. ಅದರ ಬೇರು ಆ ಗಡಿಯಲ್ಲಿದೆ.

ಇಂದು ಆ ಗಡಿಯ ಕೆಲಸವನ್ನು ತೆರಿಗೆ ಮಾಡುತ್ತಿದೆ. ಕರ್ನಾಟಕವು 2007ರ ಜುಲೈಯಿಂದ ಸಾರಾಯಿಯನ್ನು ನಿಷೇಧಿಸಿತು. ಹಳ್ಳಿಯ ಕುಡುಕ ಬಾಟಲಿಯ ಮದ್ಯಕ್ಕೆ ತಿರುಗಿದನು. 2023ರ ಜುಲೈ ತಿಂಗಳ ಆಯವ್ಯಯದಲ್ಲಿ ಬೀರಿನ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಪ್ರತಿಶತ 175ರಿಂದ 185ಕ್ಕೆ ಏರಿತು. ಗೋವೆಯಲ್ಲಿ ಸುಂಕ ಬಹಳ ಕಡಿಮೆ. ಬೆಲೆ ಏರಿದಷ್ಟೂ ಕುಡಿಯುವವನು ಕೊಟ್ಟ ಹಣಕ್ಕೆ ಎಷ್ಟು ನಶೆ ಬಂದೀತೆಂಬ ಲೆಕ್ಕವನ್ನು ಹಾಕುವನಾದ್ದರಿಂದ, ಮದ್ಯಸಾರ ಪ್ರತಿಶತ ಐದಕ್ಕಿಂತ ಮೇಲಿರುವ 'ಸ್ಟ್ರಾಂಗ್' ಬೀರೇ ನಮ್ಮ ಭಾಗದಲ್ಲಿ ಹೆಚ್ಚು ಹೋಗುತ್ತದೆ. ಭಾರತದ ಉದ್ದಗಲಕ್ಕೂ ಸ್ಥಿತಿ ಇದೇ. ಗೋವೆಯ ಹಳೆಯ ಕುಳ ಮಧ್ಯಾಹ್ನದ ಮೀನೂಟಕ್ಕೆ ಮೊದಲು ಚಿಕ್ಕ ಬಾಟಲಿಯ 'ಕಿಂಗ್ಸ್' ಬೀರನ್ನೋ, ಬೇಸಗೆಯಲ್ಲಿ ಗೋಡಂಬಿ ಹಣ್ಣಿನ ಉರ್‍ರಾಕವನ್ನೋ ನಿಧಾನವಾಗಿ ಕುಡಿಯುವನು, ನಮ್ಮ ಹುಡುಗ ಗಾಡಿಯಿಂದಿಳಿದವನೇ "ಸ್ಟ್ರಾಂಗ್ ಐತೇನ್ರಿ? ತಂಪು ಇರಬೇಕ್ರಿ" ಎಂದು ಕೇಳುವನು. ಅವನು ಕೇಳುವುದು ಬಹುಮಟ್ಟಿಗೆ ಕಿಂಗ್‌ಫಿಶರ್. ಅದು ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕಂಪನಿಯದು. 1915ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲೀಷ್ಮನ್ ಕಟ್ಟಿದ್ದು, ಸ್ವಾತಂತ್ರ್ಯದ ಕಾಲಕ್ಕೆ ವಿಠಲ ಮಲ್ಯರ ಕೈಗೆ ಬಂದದ್ದು, 2021ರಿಂದ ಡಚ್ಚರ ಹೈನೆಕೆನ್ ಕಂಪನಿಯ ಹಿಡಿತದಲ್ಲಿರುವುದು. ತನ್ನ ರಾಜಧಾನಿಯ ಕಂಪನಿಯ ಬೀರನ್ನು ಕುಡಿಯುವುದಕ್ಕೆ ಘಟ್ಟ ಇಳಿದು ಹೋಗುವ ಈ ತೀರ್ಥಯಾತ್ರೆಯಲ್ಲಿ ಯಾವುದು ಸ್ವದೇಶಿ, ಯಾವುದು ವಿದೇಶಿ ಎಂಬುದನ್ನು ನಿರ್ಣಯಿಸುವವರು ಯಾರು!

ಇನ್ನು ಕಡಲು. ಎರೆಭೂಮಿಯಲ್ಲಿ ಬೆಳೆದವನಿಗೆ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಮಹಾಪೂರದ ಅರಿವುಂಟು, ತೆರೆಯ ಅರಿವಿಲ್ಲ. ಗೋವೆಯ ಮೊರ್ಜಿ, ಅಶ್ವೆ, ಮಾಂದ್ರೆಗಳ ದಂಡೆಯಲ್ಲಿ, ಅಥವಾ ಗೋಕರ್ಣದಲ್ಲಿ, ಎಂಟೊಂಬತ್ತು ಅಡಿ ಉದ್ದದ ಹಲಗೆಯ ಮೇಲೆ ಬೋರಲಾಗಿ ಮಲಗಿ, ಕೈಯಿಂದ ನೀರು ಹುಟ್ಟುಹಾಕುತ್ತ ಒಳಗೆ ಹೋಗಿ, ತೆರೆ ಬೆನ್ನ ಹಿಂದೆ ಏಳುವ ಕ್ಷಣದಲ್ಲಿ ಚಂಗನೆ ಎದ್ದುನಿಂತು ದಂಡೆಯ ಕಡೆಗೆ ಜಾರಿಬರುವ ಸರ್ಫಿಂಗ್ ಆಟವನ್ನು ಅವನು ಮೊದಲ ಬಾರಿಗೆ ಕಂಡು ಬೆರಗಾಗುವನು. ಈ ತೆರೆಗಳಲ್ಲಿ ಒಳ್ಳೆಯವು ಸಾವಿರಾರು ಮೈಲುಗಳ ಆಚೆ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಿಂದ ಹುಟ್ಟಿ ಬರತಕ್ಕವು. ಮಳೆಗಾಲದಲ್ಲಿ ಇಲ್ಲಿಯ ಗಾಳಿಯೇ ಕಡಲನ್ನು ಕಲಕಿಬಿಡುವುದರಿಂದ ಕಲಿಯುವವರಿಗೆ ಅದು ಅಪಾಯದ ಕಾಲ. ಮಳೆ ನಿಂತ ಮೇಲೆ ತೆರೆಗಳು ಸಣ್ಣವಾಗಿ, ಸಾಲುಸಾಲಾಗಿ, ಅಚ್ಚುಕಟ್ಟಾಗಿ ಬರುತ್ತವೆ.

ಸರ್ಫಿಂಗ್ ಬಲ್ಲವನಿಗೆ ಗೊತ್ತಿದ್ದು ನಮ್ಮ ಹುಡುಗರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ತೆರೆಗಳು ದಂಡೆಗೆ ತಂದೊಡ್ಡಿದ ನೀರು ಎಲ್ಲಿಯಾದರೂ ಒಂದು ಕಡೆ ಇಕ್ಕಟ್ಟಾದ ಕಾಲುವೆಯ ರೂಪದಲ್ಲಿ ರಭಸದಿಂದ ಕಡಲಿಗೆ ಮರಳಲೇಬೇಕು. ಆ ಸ್ಥಳದಲ್ಲಿ ತೆರೆ ಒಡೆಯುವುದಿಲ್ಲ, ನೊರೆ ಕಡಿಮೆ, ನೋಡುವುದಕ್ಕೆ ನೀರು ಶಾಂತ. ಬಲ್ಲವನು ಹಲಗೆಯನ್ನು ಸಲೀಸಾಗಿ ಒಳಗೆ ಕೊಂಡೊಯ್ಯಲು ಅದೇ ಸೆಳವನ್ನು ಬಳಸುವನು. ಅರಿಯದವನು ಶಾಂತವಾಗಿದೆಯೆಂದೇ ಅಲ್ಲಿ ಇಳಿದು, ಸೆಳೆತಕ್ಕೆ ಸಿಕ್ಕು, ನೇರವಾಗಿ ದಂಡೆಯ ಕಡೆಗೆ ಈಜಲು ಹೆಣಗಿ, ದಣಿದು ಮುಳುಗುವನು. ಹೆಣಗದೆ ತೇಲಬೇಕು, ದಂಡೆಗೆ ಸಮಾಂತರವಾಗಿ ಒಂದಿಷ್ಟು ದೂರ ಈಜಿ, ತೆರೆ ಒಡೆಯುವ ಜಾಗದಿಂದ ಹೊರಬರಬೇಕು. ಎರಡು ಬಾಟಲಿ ಸ್ಟ್ರಾಂಗ್ ಹೊಟ್ಟೆಯಲ್ಲಿದ್ದಾಗ ಈ ವಿವೇಕ ಉಳಿಯುವುದಿಲ್ಲ. ಘಟ್ಟದ ಮೇಲಿನ ಎಷ್ಟೋ ಮನೆಗಳಿಗೆ ಹಬ್ಬದ ದಿನಗಳಲ್ಲಿ ಬಂದ ದುರ್ವಾರ್ತೆಗೆ ಕಾರಣ ಇಷ್ಟೇ.

ಈ ಆಟದ ಚರಿತ್ರೆಯಲ್ಲಿಯೂ ದೇಶದ ಪ್ರಶ್ನೆ ಆರಂಭದಿಂದಲೇ ಇದೆ. ಹವಾಯಿ ದ್ವೀಪಗಳು ಅದರ ತವರು. 1898ರಲ್ಲಿ ಅಮೆರಿಕವು ಆ ದ್ವೀಪಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಆಧುನಿಕ ಸರ್ಫಿಂಗಿನ ಪಿತಾಮಹನೆನಿಸಿದ ಹವಾಯಿಯ ಡ್ಯೂಕ್ ಕಹಾನಮೊಕು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಈಜಿ ಚಿನ್ನ ಗೆದ್ದದ್ದು ಅಮೆರಿಕದ ಪರವಾಗಿ. ವೃತ್ತಿಪರ ಸರ್ಫಿಂಗ್ ಪಂದ್ಯಗಳಲ್ಲಿ ಹವಾಯಿಯವರು ಇಂದಿಗೂ ತಮ್ಮದೇ ಧ್ವಜದಡಿಯಲ್ಲಿ ಆಡುವರು. ಆದರೆ ಟೋಕಿಯೊ ಒಲಿಂಪಿಕ್ಸಿನಲ್ಲಿ ಸರ್ಫಿಂಗ್ ಮೊಟ್ಟಮೊದಲು ಸೇರಿದಾಗ ಹವಾಯಿಯ ಕರಿಸ್ಸಾ ಮೂರ್ ಚಿನ್ನದ ಪದಕವನ್ನು ಅಮೆರಿಕದ ಧ್ವಜದ ಕೆಳಗೆ ಸ್ವೀಕರಿಸಬೇಕಾಯಿತು.

ನಮ್ಮ ತುಳುನಾಡಿನ ಮೂಲ್ಕಿಯ ಕಥೆ ಇನ್ನೂ ಸೋಜಿಗದ್ದು. ಫ್ಲಾರಿಡಾದಲ್ಲಿ ಚಿಕ್ಕಂದಿನಿಂದ ತೆರೆಯೇರಿ ಬೆಳೆದ ಜ್ಯಾಕ್ ಹೆಬ್ನರ್ ಎಂಬವರು ಗೌಡೀಯ ವೈಷ್ಣವ ಸಂನ್ಯಾಸಿಯಾಗಿ, ನರಸಿಂಹ ಸ್ವಾಮಿಯೆನಿಸಿ, 2004ರಲ್ಲಿ ಮೂಲ್ಕಿಯ ತಮ್ಮ ಆಶ್ರಮದಲ್ಲಿಯೇ ಮಂತ್ರ ಸರ್ಫ್ ಕ್ಲಬ್ಬನ್ನು ಸ್ಥಾಪಿಸಿದರು. ಭಾರತದಲ್ಲಿ ಈ ಆಟ ಬೇರೂರಿದ ಮೊದಲ ಸ್ಥಳಗಳಲ್ಲಿ ಅದೊಂದು. ಅಲ್ಲಿ ತಂಗುವವರು ಸಸ್ಯಾಹಾರಿಗಳಾಗಿರಬೇಕು. ಮದ್ಯ, ಸಿಗರೇಟುಗಳಿಗೆ ಪ್ರವೇಶವಿಲ್ಲ. ಅಮೆರಿಕದವರು ಕಾವಿಯುಟ್ಟು ಪಾನನಿಷೇಧವನ್ನು ಬೋಧಿಸುತ್ತ ತುಳುನಾಡಿನ ಮೊಗವೀರರ ಮಕ್ಕಳಿಗೆ ತೆರೆಯೇರುವುದನ್ನು ಕಲಿಸಿದರೆ, ಅತ್ತ ಗೋವೆಯಲ್ಲಿ ನಮ್ಮ ಹಳ್ಳಿಯ ಹುಡುಗ ವಿದೇಶಿಯಂತೆ ಕಾಣುವ ಆಸೆಯಿಂದ ಅರ್ಧ ಚಡ್ಡಿ ತೊಟ್ಟು ಬಾಟಲಿ ಹಿಡಿದು ಫೋಟೋ ತೆಗೆಸಿಕೊಳ್ಳುವನು. 2025ರ ಆಗಸ್ಟಿನಲ್ಲಿ ಮಹಾಬಲಿಪುರದ ಏಷ್ಯನ್ ಸರ್ಫಿಂಗ್ ಸ್ಪರ್ಧೆಯಲ್ಲಿ ಕಂಚು ಗೆದ್ದು ಕೀರ್ತಿವಂತನಾದ ರಮೇಶ ಬುದಿಹಾಳ ಕೇರಳದ ಕೋವಳಂನವನೆಂದು ಪತ್ರಿಕೆಗಳು ಬರೆದವು. ಆದರೆ ಹೊಟ್ಟೆಪಾಡಿಗಾಗಿ ಕರ್ನಾಟಕದಿಂದ ವಲಸೆ ಹೋದ ಕುಟುಂಬದ ಹುಡುಗ ಅವನು.

ಈಗ ನೀರಿನ ಕಡೆಗೆ ಬರೋಣ. ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಗೋವೆಯಲ್ಲಿ ಮಾಂಡೋವಿಯೆನಿಸಿ ಪಣಜಿಯ ಬಳಿ ಕಡಲನ್ನು ಸೇರುತ್ತದೆ. ಅದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಕಾಲುವೆಗಳ ಮೂಲಕ ನವಲಗುಂದದ ಹೊಲಗಳಿಗೆ ಬರಬೇಕು. ಬರದಿದ್ದ ನೀರಿಗೆ ಕರ ಕೇಳಿದರೆಂದೇ 1980ರ ಜುಲೈ 21ರಂದು ನವಲಗುಂದ, ನರಗುಂದಗಳ ರೈತರು ದಂಗೆಯೆದ್ದು ಗುಂಡಿಗೆ ಎದೆಯೊಡ್ಡಿದರು. ಕಳಸಾ, ಬಂಡೂರಿ ಹಳ್ಳಗಳ ಒಂದಿಷ್ಟು ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು ಕರ್ನಾಟಕದ ಬೇಡಿಕೆ; ತಿರುಗಿಸಿದರೆ ನಮ್ಮ ಕಾಡು, ಅಳಿವೆ, ಕುಡಿಯುವ ನೀರು ಕೆಡುವುವೆಂಬುದು ಗೋವೆಯ ಪ್ರತಿವಾದ. 2010ರಲ್ಲಿ ರಚಿತವಾದ ನ್ಯಾಯಮಂಡಳಿ 2016ರ ಜುಲೈಯಲ್ಲಿ ಕರ್ನಾಟಕದ ಮಧ್ಯಂತರ ಬೇಡಿಕೆಯನ್ನು ತಳ್ಳಿಹಾಕಿದಾಗ ನವಲಗುಂದ ಹೊತ್ತಿ ಉರಿಯಿತು. ಯಮನೂರಿನಲ್ಲಿ ಪೋಲೀಸರ ಲಾಠಿ ಮನೆಯೊಳಗಿನ ಹೆಂಗಸರನ್ನೂ ಬಿಡಲಿಲ್ಲ. 2018ರ ಆಗಸ್ಟ್ 14ರ ಅಂತಿಮ ತೀರ್ಪು ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರನ್ನು ಹಂಚಿತು, ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಅನುಮತಿಯಿರುವುದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿ.ಎಂ.ಸಿ. ವ್ಯಾಜ್ಯ ಅಲ್ಲಿಗೆ ಮುಗಿಯದೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಈ ಕಲಹದ ನಡುವೆ ನಾವು ಮರೆತಿರುವ ಒಬ್ಬ ವ್ಯಕ್ತಿಯನ್ನು ನೆನೆಯಬೇಕು. ನರಗುಂದದಲ್ಲಿ ಹುಟ್ಟಿದ, ಕರ್ನಾಟಕ ಕೇಸರಿಯೆಂದು ಹೆಸರಾದ ಜಗನ್ನಾಥರಾವ್ ಜೋಶಿಯವರು, 1955ರಲ್ಲಿ ಸತ್ಯಾಗ್ರಹಿಗಳ ತಂಡವನ್ನು ಕಟ್ಟಿಕೊಂಡು ಗಡಿ ದಾಟಿ, ಗೋವೆ ಭಾರತದ್ದೆಂದು ಘೋಷಿಸಿ, ಪೋರ್ಚುಗೀಜರ ಸೆರೆಮನೆಯ ವಾಸವನ್ನು ಅನುಭವಿಸಿದರು. ಆ ವರ್ಷದ ಆಗಸ್ಟ್ 15ರಂದು ತ್ರಿವರ್ಣಧ್ವಜವನ್ನು ಹಿಡಿದು ಗಡಿ ದಾಟಿದ ನಿಶ್ಶಸ್ತ್ರ ಜನರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಗುಂಡಿಗೆ ಬಲಿಯಾದರು. ಸರಿಯಾಗಿ ಅರುವತ್ತು ವರ್ಷಗಳ ತರುವಾಯ, 2015ರ ಜುಲೈಯಲ್ಲಿ, ಅದೇ ನರಗುಂದದಲ್ಲಿ ಮಹದಾಯಿಗಾಗಿ ಧರಣಿ ಆರಂಭವಾಯಿತು.

ಗೋವೆಯವರ ಸ್ವಾಭಿಮಾನವನ್ನು ತಿಳಿಯದೆ ನಾವು ಅವರನ್ನು ದೂರುವುದು ತರವಲ್ಲ. 1961ರ ಡಿಸೆಂಬರಿನಲ್ಲಿ ಭಾರತದ ಸೇನೆ ಅಲ್ಲಿಗೆ ಹೊಕ್ಕಾಗ ನಾಲ್ಕೂವರೆ ಶತಮಾನಗಳ ಪರಕೀಯ ಆಳ್ವಿಕೆ ಮುಗಿಯಿತು; ಮಹಾರಾಷ್ಟ್ರದಲ್ಲಿ ಕರಗಿಹೋಗಬೇಕೇ ಎಂದು 1967ರ ಜನವರಿ 16ರಂದು ಕೇಳಿದಾಗ ಬಹುಮತ ಬೇಡವೆಂದಿತು; 1987ರಲ್ಲಿ ಕೊಂಕಣಿಗೆ ಆಡಳಿತದ ಸ್ಥಾನವೂ ಪ್ರತ್ಯೇಕ ರಾಜ್ಯವೂ ದೊರೆತವು. ಅಷ್ಟಾದರೂ ಪೋರ್ಚುಗೀಜ್ ಕಾನೂನಿನ ಪ್ರಕಾರ 1961ಕ್ಕೆ ಮೊದಲು ಹುಟ್ಟಿದವರೂ ಅವರ ಸಂತತಿಯೂ ಆ ದೇಶದ ಪೌರತ್ವವನ್ನು ಪಡೆಯಬಲ್ಲರಾದ್ದರಿಂದ, ಅನೇಕ ಗೋವನ್ನರು ಲಿಸ್ಬನ್ನಿನ ಪಾಸ್‌ಪೋರ್ಟು ಹಿಡಿದು ಲಂಡನ್ನಿಗೆ ದುಡಿಯಲು ಹೋಗಿರುವರು. ಗೋವೆಯ ಸರಕಾರಿ ಸಾರಿಗೆ ಬಸ್ಸಿನ ಮೇಲೆ ಬರೆದಿರುವ ಹೆಸರು ಮಾತ್ರ 'ಕದಂಬ'. ಹಲಸಿಯ ಶಾಸನಗಳ ಕನ್ನಡದ ಕದಂಬರದೇ. ಕಡಲತಡಿಯಲ್ಲಿ ಒಲೆ ಹೂಡಿ ಅಡಿಗೆ ಮಾಡುವ, ಕುಡಿದು ಬಾಟಲಿ ಒಡೆಯುವ ಪ್ರವಾಸಿಗಳಿಂದ ಬೇಸತ್ತು 2019ರಲ್ಲಿ ಅವರು ಒಬ್ಬನಿಗೆ ಎರಡು ಸಾವಿರ, ಗುಂಪಿಗೆ ಹತ್ತು ಸಾವಿರ ರೂಪಾಯಿ ದಂಡವನ್ನು ಗೊತ್ತುಮಾಡಿದರು. ನನ್ನ ಅಭಿಪ್ರಾಯದಲ್ಲಿ ಅದು ಅನ್ಯಾಯವಲ್ಲ. ನಮ್ಮ ನವಲಗುಂದದ ನೀಲಮ್ಮನ ಕೆರೆಯ ದಂಡೆಯ ಮೇಲೆ ಯಾರಾದರೂ ಹಾಗೆ ಮಾಡಿದರೆ ನಾವು ದಂಡದ ಚೀಟಿಗೂ ಕಾಯುತ್ತಿರಲಿಲ್ಲ.

ಅನ್ಯಾಯವಾಗಿರುವುದು ಬೇರೊಬ್ಬರಿಗೆ. ಗೋವೆಯ ಕಟ್ಟಡಗಳಿಗೆ ಗಾರೆ ಹೊತ್ತವರು, ರಸ್ತೆಗೆ ಡಾಂಬರು ಹಾಕಿದವರು, ವಾಸ್ಕೋದ ಬಂದರಿನಲ್ಲಿ ಹಮಾಲಿ ಮಾಡಿದವರು ಬಹಳ ಮಟ್ಟಿಗೆ ಧಾರವಾಡ, ಗದಗ, ಬಾಗಲಕೋಟೆ, ವಿಜಾಪುರಗಳ ಬರದ ಹಳ್ಳಿಗಳವರು. ದಂಡೆಯ ಮೇಲೆ ಮಣಿಸರ, ಕಸೂತಿಯ ಚೀಲಗಳನ್ನು ಮಾರುತ್ತ ಬಿಸಿಲಲ್ಲಿ ತಿರುಗುವ ಹೆಂಗಸರಲ್ಲಿ ಅನೇಕರು ನಮ್ಮ ತಾಂಡಾಗಳ ಲಂಬಾಣಿಯರು. ಅವರನ್ನು 'ಘಾಟಿ'ಗಳೆಂದು ಹೀಗಳೆಯುವುದುಂಟು. 2004ರ ಜೂನಿನಲ್ಲಿ, ಮಳೆಗಾಲದ ಬಾಯಲ್ಲಿ, ವಾಸ್ಕೋದ ಬೈನಾ ಕಡಲತಡಿಯ ಮನೆಗಳನ್ನು ನೆಲಸಮ ಮಾಡಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರ ಸಂಖ್ಯೆ ದೊಡ್ಡದಿತ್ತು. ಮಹದಾಯಿಯ ವಿಷಯದಲ್ಲಿ ಎರಡು ಕಡೆಯ ಮುಂದಾಳುಗಳು ಪರಸ್ಪರ ಬಯ್ದಾಡಿದಾಗಲೆಲ್ಲ ಮೊದಲು ಅಂಜುವವರು ಇವರೇ. ನೀರಿಲ್ಲದ ಊರಿನಿಂದ ಹೊಟ್ಟೆಗಾಗಿ ಹೋದವರ ಮೇಲೆ ನೀರಿನ ಜಗಳದ ಸಿಟ್ಟು ತೀರಿಸಿಕೊಳ್ಳುವುದಕ್ಕೆ ಯಾವ ದೇಶಾಭಿಮಾನದ ಹೆಸರೂ ಹೊಂದುವುದಿಲ್ಲ. ಅವರ ಎದುರಿನಲ್ಲಿಯೇ ಕುಡಿದು, ಅದೇ ಲಂಬಾಣಿ ಮುದುಕಿಯೊಡನೆ ಹರಕು ಹಿಂದಿಯಲ್ಲಿ ಐದು ರೂಪಾಯಿಗಾಗಿ ಚೌಕಾಸಿ ಮಾಡಿ, ಊರಿಗೆ ಬಂದು ಕನ್ನಡದ ಜಯಘೋಷ ಮಾಡುವ ನಮ್ಮ ತರುಣರಿಗೂ ಆ ಹೆಸರು ಹೊಂದುವುದಿಲ್ಲ.

ಹೋಗಬೇಡಿರೆಂದು ನಾನು ಯಾರಿಗೂ ಹೇಳಲಾರೆ. ಕಡಲನ್ನು ಕಾಣದೆ ಸಾಯುವುದು ಅಂಥ ಪುಣ್ಯದ ಕೆಲಸವೇನಲ್ಲ. ಹೋಗಿರಿ. ಕುಡಿದವರು ನೀರಿಗೆ ಇಳಿಯಬೇಡಿರಿ. ಕೆಂಪು ನಿಶಾನೆ ಇದ್ದಲ್ಲಿ ಯಾರೂ ಇಳಿಯಬೇಡಿರಿ. ಸಾಧ್ಯವಾದರೆ ಹಣ ತೆತ್ತು ಬಲ್ಲವರಿಂದ ಒಂದು ಮುಂಜಾನೆ ಹಲಗೆಯ ಪಾಠವನ್ನು ಹೇಳಿಸಿಕೊಳ್ಳಿರಿ. ಮಣಿಸರ ಮಾರಲು ಬಂದವಳೊಡನೆ ಕನ್ನಡದಲ್ಲಿ ಮಾತನಾಡಿ, "ಯಾವೂರಬೇ ಯವ್ವಾ?" ಎಂದು ಕೇಳಿರಿ, ಚೌಕಾಸಿ ಮಾಡದೆ ಒಂದು ಸರವನ್ನು ಕೊಳ್ಳಿರಿ.